ಆ ಮನವಿಗೆ ನಾನೇಕೆ ಸಹಿ ಹಾಕಲಿಲ್ಲ?



ಕಳೆದ ಭಾನುವಾರ ಬೆಳಿಗ್ಗೆ ಕಾಫಿ ಮುಗಿಸಿ ಪತ್ರಿಕೆ ಬಿಡಿಸುತ್ತಿದ್ದಾಗ ಮನೆಯ ಮುಂದೆ ಕಾರೊಂದು ಬಂದು ನಿಂತಿತು. ಇಳಿದವನು ನನ್ನ ಹಳೆಯ ವಿದ್ಯಾರ್ಥಿ. ಈಗ ಅವನಿಗೂ ಕೂದಲು ನರೆತಿದೆ. ಬೇಡವೆಂದರೂ ಕಾಲಿಗೆ ನಮಸ್ಕರಿಸಿ, ಕುಶಲ ವಿಚಾರಿಸಿ, ಅನಂತರ ಒಂದು ಕಾಗದವನ್ನು ನನ್ನ ಮುಂದಿಟ್ಟ. "ಸಾರ್, ಬಡಾವಣೆಗೆಲ್ಲ ಹಿರಿಯರು ನೀವು. ಮೊದಲ ಸಹಿ ನಿಮ್ಮದೇ ಇರಲಿ" ಎಂದ.

ಅದೊಂದು ಮನವಿಪತ್ರ. ನಮ್ಮ ಬಡಾವಣೆಯ ತುದಿಯಲ್ಲಿರುವ ವೃತ್ತದಲ್ಲಿ ಮೇಲಿಂದ ಮೇಲೆ ಅಪಘಾತಗಳಾಗುತ್ತಿವೆ. ಆದ್ದರಿಂದ ಶಾಲೆಯ ವೇಳೆಯಲ್ಲಿ ಮಕ್ಕಳು ಸೈಕಲ್ಲಿನಲ್ಲಿ ಆ ವೃತ್ತವನ್ನು ದಾಟುವುದನ್ನು ನಿಷೇಧಿಸಬೇಕು. ಜೊತೆಗೆ ವೃತ್ತದ ನಡುವಿನ ಹುಲ್ಲುಹಾಸನ್ನು ಕಿರಿದುಗೊಳಿಸಿ ರಸ್ತೆಯನ್ನು ಅಗಲ ಮಾಡಬೇಕು ಎಂಬುದು ಅದರ ಸಾರಾಂಶ. ಭಾಷೆ ವಿನಯದಿಂದ ಕೂಡಿತ್ತು, ಕಾಗುಣಿತದಲ್ಲಿ ತಪ್ಪಿರಲಿಲ್ಲ. ಎರಡು ಬಾರಿ ಓದಿದೆ. ಸಹಿ ಹಾಕದೆ ಹಿಂದಿರುಗಿಸಿದೆ. ಅವನ ಮುಖ ಸಣ್ಣದಾಯಿತು. ಕಾರಣ ಕೇಳುವಷ್ಟು ಸಲುಗೆಯನ್ನು ತರಗತಿಯಲ್ಲಿ ನಾನೆಂದೂ ಕೊಟ್ಟವನಲ್ಲ. ಹಾಗಾಗಿ ಅವನು ಕೇಳಲೂ ಇಲ್ಲ. ಈ ಬರಹ ಅವನಿಗೆ, ಅವನ ಮೂಲಕ ನಿಮ್ಮೆಲ್ಲರಿಗೆ, ನಾನು ಕೊಡಬೇಕಾದ ಉತ್ತರ.

ಮೈಸೂರು ವೃತ್ತಗಳ ಊರು. ಅರಮನೆಯ ಸುತ್ತಲಿನ ಚಾಮರಾಜ ವೃತ್ತ, ಕೃಷ್ಣರಾಜ ವೃತ್ತ, ಹಾರ್ಡಿಂಜ್ ವೃತ್ತಗಳನ್ನು ಬಲ್ಲದ ಪ್ರವಾಸಿಗನಿಲ್ಲ. 1903ರಷ್ಟು ಹಿಂದೆಯೇ ನಗರಾಭಿವೃದ್ಧಿಗೆಂದು ಒಂದು ಟ್ರಸ್ಟ್ ಬೋರ್ಡನ್ನು ಸ್ಥಾಪಿಸಿಕೊಂಡ ಊರಿದು. ಜಟಕಾ, ಎತ್ತಿನ ಗಾಡಿ, ಸೈಕಲ್ಲುಗಳ ಕಾಲದಲ್ಲಿ ಈ ವೃತ್ತಗಳು ಊರಿಗೆ ಆಭರಣಗಳಂತಿದ್ದವು. ನಾನು ಕಾಲೇಜಿಗೆ ಹೋಗುತ್ತಿದ್ದುದು ಅಪ್ಪನ ಹಳೆಯ ಸೈಕಲ್ಲಿನಲ್ಲಿ. ಒಳಪೆಡಲು ಹೊಡೆದು ಮಂಡಿ ತರಚಿಕೊಂಡು ಕಲಿತ ಸೈಕಲ್ಲು. ಸಂಜೆ ದೀಪವಿಲ್ಲದೆ ಹೋದರೆ ಪೊಲೀಸಿನವರು ಚಕ್ರದ ಗಾಳಿ ತೆಗೆಯುತ್ತಾರೆಂಬ ಭಯವೊಂದನ್ನು ಬಿಟ್ಟರೆ ವೃತ್ತದಲ್ಲಿ ಬೇರೆ ಭಯವಿರಲಿಲ್ಲ. ಇಂದು ಅದೇ ಬಗೆಯ ವೃತ್ತವೊಂದನ್ನು ದಾಟಲು, ಬಿ.ಎಡ್. ಓದಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ವಿಜ್ಞಾನ ಬೋಧಿಸಿದ ನಾನು ಹತ್ತು ನಿಮಿಷ ಅಂಚಿನಲ್ಲಿ ನಿಂತಿರುತ್ತೇನೆ. ಅಂದಮೇಲೆ ಹದಿಮೂರು ವರ್ಷದ ಮಗುವಿನ ಪಾಡೇನು?

ಆ ಪಾಡು ಏನೆಂಬುದನ್ನು ನಾನು 2009ರಲ್ಲಿ ಕಂಡೆ. ಇದುವರೆಗೆ ಎಲ್ಲಿಯೂ ಬರೆಯದ ಸಂಗತಿ ಇದು.

ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಆರಂಭವಾಗಿತ್ತು. ನಮ್ಮ ಶಾಲೆಗೂ ಸೈಕಲ್ಲುಗಳು ಬಂದವು. ಹೆಣ್ಣುಮಕ್ಕಳ ಹಾಜರಾತಿ ಹೆಚ್ಚಿದ್ದನ್ನು ನಾನೇ ಹಾಜರಿ ಪುಸ್ತಕದಲ್ಲಿ ಗುರುತಿಸಿ ಸಂತೋಷಪಟ್ಟವನು. ಅವರಲ್ಲಿ ಒಬ್ಬಳು, ಹೆಸರು ಬೇಡ, ಆರು ಕಿಲೋಮೀಟರು ದೂರದ ಹಳ್ಳಿಯಿಂದ ಬರುತ್ತಿದ್ದಳು. ಗಣಿತದಲ್ಲಿ ತೀಕ್ಷ್ಣಮತಿ. ಒಂದು ಸಂಜೆ ವೃತ್ತದಲ್ಲಿ ಎಡಕ್ಕೆ ತಿರುಗಿದ ಬಸ್ಸೊಂದು ಅವಳ ಸೈಕಲ್ಲನ್ನು ಕೆಡವಿತು. ಜೀವ ಉಳಿಯಿತು, ತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಗೆ ಹೋದಾಗ ಅವಳು ನನಗೆ ಹೇಳಿದ ಮೊದಲ ಮಾತು: "ಸಾರ್, ನೀವು ಹೇಳಿದ ಹಾಗೆ ಎಡಗಡೇನೇ ಹೋಗ್ತಿದ್ದೆ."

ಹೌದು, ನಾನೇ ಹೇಳಿದ್ದೆ. ಸೈಕಲ್ ವಿತರಣೆಯ ದಿನ ಮೈದಾನದಲ್ಲಿ ಸೀಮೆಸುಣ್ಣದಿಂದ ವೃತ್ತ ಬರೆದು, ಮಕ್ಕಳನ್ನು ಸಾಲಾಗಿ ನಡೆಸಿ, "ಏನೇ ಆಗಲಿ, ಅಂಚು ಬಿಡಬೇಡಿ, ಎಡಕ್ಕೇ ಅಂಟಿಕೊಂಡಿರಿ" ಎಂದು ಪಾಠ ಮಾಡಿದ್ದೆ. ಹುಡುಗಿ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದಳು. ಹಾಗೆ ಪಾಲಿಸಿದ್ದರಿಂದಲೇ ಬಸ್ಸಿನ ಅಡಿಗೆ ಸಿಕ್ಕಿದಳು.

ಹೇಗೆಂದು ವಿವರಿಸುತ್ತೇನೆ, ಒಂದು ಹಾಳೆ ತೆಗೆದುಕೊಂಡು ಚಿತ್ರ ಬರೆದುಕೊಳ್ಳಿ. ನಮ್ಮ ದೇಶದಲ್ಲಿ ವಾಹನಗಳು ವೃತ್ತವನ್ನು ಗುಡಿಯ ಪ್ರದಕ್ಷಿಣೆಯಂತೆ ಬಲಗಡೆ ಇಟ್ಟುಕೊಂಡು ಸುತ್ತುತ್ತವೆ. ದಕ್ಷಿಣದಿಂದ ಬಂದ ಸೈಕಲ್ ಸವಾರಳು ಉತ್ತರಕ್ಕೆ ಹೋಗಬೇಕಾಗಿದೆ. ಅವಳು ಹೊರ ಅಂಚನ್ನು ಹಿಡಿದು ಸುತ್ತುತ್ತಾಳೆ. ದಾರಿಯಲ್ಲಿ ಪಶ್ಚಿಮದ ರಸ್ತೆಯ ಬಾಯಿ ಎದುರಾಗುತ್ತದೆ. ಅದೇ ಕ್ಷಣದಲ್ಲಿ ಅವಳ ಬಲಪಕ್ಕದಲ್ಲಿರುವ ಬಸ್ಸು ಪಶ್ಚಿಮದ ರಸ್ತೆಗೆ ಇಳಿಯಲು ಎಡಕ್ಕೆ ಹೊರಳುತ್ತದೆ. ಚಾಲಕನ ದೃಷ್ಟಿ ಮುಂದಕ್ಕಿದೆ ಅಥವಾ ಬಲದಿಂದ ಬರುವವರ ಕಡೆಗಿದೆ. ಎಡಪಕ್ಕೆಯ ತಗ್ಗಿನಲ್ಲಿರುವ ಸೈಕಲ್ಲು ಅವನಿಗೆ ಕಾಣುವುದೇ ಇಲ್ಲ. ಎರಡು ದಾರಿಗಳೂ ಒಂದನ್ನೊಂದು ಅಡ್ಡಹಾಯುತ್ತವೆ. ಇಲ್ಲಿ ಹುಡುಗಿಯ ಅಜಾಗರೂಕತೆಯೆಲ್ಲಿದೆ? ಚಾಲಕನೂ ರಾಕ್ಷಸನಲ್ಲ. ಇಬ್ಬರನ್ನೂ ಒಂದೇ ಬಿಂದುವಿಗೆ ತಂದು ನಿಲ್ಲಿಸಿದ್ದು ಆ ವೃತ್ತದ ರೂಪ.

ಅಂಚನ್ನು ಬಿಟ್ಟು ರಸ್ತೆಯ ನಡುವೆಯೇ ಹೋಗಬಹುದಲ್ಲ ಎನ್ನುವಿರಿ. ಹೋಗಬಹುದು. ಒಂದೇ ಸಾಲಿನಲ್ಲಿ ವಾಹನಗಳು ನಿಧಾನವಾಗಿ ಚಲಿಸುವ ಚಿಕ್ಕ ವೃತ್ತದಲ್ಲಿ ಅದೇ ಸುರಕ್ಷಿತ ಸ್ಥಾನ. ಇಂಗ್ಲೆಂಡಿನಲ್ಲಿ ಸೈಕಲ್ ತರಬೇತಿ ಕೊಡುವವರು ಹಾಗೆಯೇ ಕಲಿಸುತ್ತಾರೆ. ಆದರೆ ಮೂರು ಸಾಲು ಅಗಲದ ರಸ್ತೆಯಲ್ಲಿ, ಬಸ್ಸು ಲಾರಿಗಳ ನಡುವೆ, ಬೆನ್ನಿಗೆ ಪುಸ್ತಕದ ಚೀಲ ಹೊತ್ತ ಮಗುವಿಗೆ ನಡುರಸ್ತೆಯಲ್ಲಿ ಸಾಗು ಎಂದು ಹೇಳುವ ಧೈರ್ಯ ನನಗಿಲ್ಲ. ಅಂದರೆ ಅಂಥ ವೃತ್ತದಲ್ಲಿ ಸೈಕಲ್ ಸವಾರನಿಗೆ ಸರಿಯಾದ ಸ್ಥಾನವೆಂಬುದೇ ಇಲ್ಲ. ನಾನು ಅಂದು ಕಲಿಸಿದ್ದು ತಪ್ಪು. ಬೇರೆ ಏನನ್ನು ಕಲಿಸಿದ್ದರೂ ತಪ್ಪೇ ಆಗುತ್ತಿತ್ತು. ಪಾಠದಿಂದ ಪರಿಹಾರವಾಗದ ಸಮಸ್ಯೆಯನ್ನು ಪಾಠದಿಂದ ಪರಿಹರಿಸಲು ಹೋದದ್ದು ನನ್ನ ಮೂರ್ಖತನ.

ಇನ್ನು ಮನವಿಯ ಎರಡನೆಯ ಭಾಗ, ರಸ್ತೆಯನ್ನು ಅಗಲ ಮಾಡುವ ಮಾತು. ಹತ್ತನೆಯ ತರಗತಿಯಲ್ಲಿ ನನ್ನಿಂದ ಭೌತಶಾಸ್ತ್ರ ಕಲಿತವರು ಸ್ವಲ್ಪ ನೆನಪಿಸಿಕೊಳ್ಳಿ. ತಿರುವಿನಲ್ಲಿ ಸಾಗುವ ವಾಹನದ ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಒಳಮುಖವಾದ ವೇಗೋತ್ಕರ್ಷ ಸಿಗುತ್ತದೆ. ಪ್ರಯಾಣಿಕರಿಗೆ ತೊಂದರೆಯಾಗದ ಮಟ್ಟಿಗೆ ಅದನ್ನು ಸೆಕೆಂಡಿಗೆ ಸೆಕೆಂಡಿಗೆ 2 ಮೀಟರು ಎಂದಿಟ್ಟುಕೊಳ್ಳೋಣ. ತಿರುವಿನ ತ್ರಿಜ್ಯ 10 ಮೀಟರಾದರೆ ವೇಗ ಗಂಟೆಗೆ ಸುಮಾರು 16 ಕಿಲೋಮೀಟರು. ತಿರುವನ್ನು ಸಡಿಲಗೊಳಿಸಿ ತ್ರಿಜ್ಯವನ್ನು 40 ಮೀಟರು ಮಾಡಿದರೆ ವೇಗ 32 ಕಿಲೋಮೀಟರು. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆ. ಚಾಲಕನ ಕಾಲು ಬ್ರೇಕಿನ ಮೇಲೆ ಬೀಳುವ ಮೊದಲಿನ ಒಂದು ಸೆಕೆಂಡಿನಲ್ಲಿ ವಾಹನ ಸಾಗುವ ದೂರ ನಾಲ್ಕೂವರೆ ಮೀಟರಿನಿಂದ ಒಂಬತ್ತು ಮೀಟರಿಗೆ ಏರುತ್ತದೆ. ವೃತ್ತದ ಹುಲ್ಲುಹಾಸನ್ನು ಕೊರೆದು ರಸ್ತೆಯನ್ನು ಅಗಲಿಸುವುದೆಂದರೆ ವಾಹನಗಳಿಗೆ ನೇರವಾಗಿ ನುಗ್ಗುವ ದಾರಿ ಮಾಡಿಕೊಡುವುದು. ಈ ಲೆಕ್ಕ ಬಲ್ಲ ನಾನು ಆ ಕಾಗದಕ್ಕೆ ಹೇಗೆ ಸಹಿ ಹಾಕಲಿ?

ಹಾಗಾದರೆ ರಸ್ತೆಯ ಅಂಚಿಗೆ ಹಸಿರು ಬಣ್ಣ ಬಳಿದು, ಸೈಕಲ್ಲಿನ ಚಿತ್ರ ಬರೆದರೆ ಸಾಲದೇ? ಸಾಲದು. ಅಷ್ಟೇ ಅಲ್ಲ, ಅದರಿಂದ ಕೇಡೇ ಆಗಬಹುದು. ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಪ್ರಾಂತ್ಯದಲ್ಲಿ, ಕೂಡುರಸ್ತೆಗಳನ್ನು ವೃತ್ತಗಳನ್ನಾಗಿ ಮಾರ್ಪಡಿಸಿದ 91 ಸ್ಥಳಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ವೃತ್ತಗಳಿಂದ ಒಟ್ಟಾರೆ ಅಪಘಾತ ತಗ್ಗುತ್ತದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಆ ಸ್ಥಳಗಳಲ್ಲಿ ಸೈಕಲ್ ಸವಾರರು ಗಾಯಗೊಂಡ ಅಪಘಾತಗಳು ಶೇಕಡಾ 27ರಷ್ಟು ಹೆಚ್ಚಾಗಿದ್ದವು. ವೃತ್ತದ ಒಳಗೇ ಅಂಚಿನಲ್ಲಿ ಸೈಕಲ್ ಪಟ್ಟಿ ಬರೆದಿದ್ದ ಕಡೆಗಳಲ್ಲಿ ಫಲಿತಾಂಶ ಇನ್ನೂ ಕೆಟ್ಟದಾಗಿತ್ತು. ಕಾರಣ ನಮ್ಮ ಹುಡುಗಿಯ ಕಥೆಯೇ. ಬಣ್ಣದ ಪಟ್ಟಿಯು ಸವಾರನನ್ನು ಅಂಚಿನಲ್ಲೇ ಇರಿಸಿ, ತಿರುಗುವ ವಾಹನದ ಬಾಯಿಗೆ ಒಪ್ಪಿಸುತ್ತದೆ. ನಾನು ಮೈದಾನದಲ್ಲಿ ಸೀಮೆಸುಣ್ಣದಲ್ಲಿ ಬರೆದದ್ದನ್ನೇ ಅಲ್ಲಿನವರು ಬಣ್ಣದಲ್ಲಿ ಬರೆದಿದ್ದರು, ಅಷ್ಟೇ!

ಪರಿಹಾರ ಗೊತ್ತಿಲ್ಲದ ವಿಷಯವೇನಲ್ಲ ಇದು. ನೆದರ್‌ಲೆಂಡ್ಸ್ ದೇಶದವರು ಹುಟ್ಟುವಾಗಲೇ ಸೈಕಲ್ ಏರಿಕೊಂಡು ಬಂದವರೆಂದು ನಾವು ಭಾವಿಸಿದ್ದೇವೆ. ಅಲ್ಲಿಯೂ ಎರಡನೆಯ ಮಹಾಯುದ್ಧದ ಅನಂತರ ಕಾರುಗಳಿಗಾಗಿ ರಸ್ತೆಗಳನ್ನು ಅಗಲಿಸುತ್ತ ಹೋದರು. 1971ರ ಒಂದೇ ವರ್ಷದಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಮಂದಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತನೊಬ್ಬ 1972ರಲ್ಲಿ ಬರೆದ ಲೇಖನದಿಂದ 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ಚಳವಳಿಯೇ ಹುಟ್ಟಿತು. ತಂದೆತಾಯಂದಿರು ಮಕ್ಕಳೊಡನೆ ರಸ್ತೆಗಿಳಿದರು. ಅವರು ಮಕ್ಕಳ ಸೈಕಲ್ಲನ್ನು ನಿಷೇಧಿಸಿ ಎಂದು ಕೇಳಲಿಲ್ಲ, ರಸ್ತೆಯನ್ನು ತಿದ್ದಿ ಎಂದು ಕೇಳಿದರು. ಸರ್ಕಾರ ತಿದ್ದಿತು. ನಮ್ಮ ಬಡಾವಣೆಯ ಮನವಿಗೂ ಅವರ ಕೂಗಿಗೂ ಇರುವ ಅಂತರವನ್ನು ನೀವೇ ಅಳೆಯಿರಿ.

ಅವರ ವೃತ್ತದ ರಚನೆ ಹೀಗಿರುತ್ತದೆ. ವೃತ್ತದೊಳಗೆ ವಾಹನಗಳಿಗೆ ಸಾಮಾನ್ಯವಾಗಿ ಒಂದೇ ಸಾಲು. ಸೇರುವ ರಸ್ತೆಗಳು ಸವರಿಕೊಂಡು ಬಂದು ಸೇರುವುದಿಲ್ಲ, ಲಂಬವಾಗಿ ಬಂದು ಮುಟ್ಟುತ್ತವೆ. ಹಾಗಾಗಿ ವೇಗ ತಗ್ಗಿಸದೆ ಒಳಗೆ ಬರುವಂತಿಲ್ಲ. ವಾಹನಗಳ ಸುತ್ತಿಗೆ ಹೊರಗೆ, ನಡುವೆ ಗಟ್ಟಿಯಾದ ಕಟ್ಟೆಯಿಟ್ಟು, ಸೈಕಲ್ಲಿಗೆ ಬೇರೆಯೇ ಒಂದು ಸುತ್ತು. ಆ ಸೈಕಲ್ ದಾರಿಯು ಪ್ರತಿ ರಸ್ತೆಯನ್ನು ವೃತ್ತದ ಬಾಯಿಂದ ಒಂದು ಕಾರಿನಷ್ಟು ಹಿಂದೆ ಸರಿದು ದಾಟುತ್ತದೆ. ವೃತ್ತದಿಂದ ಹೊರಳಿದ ಕಾರು ಅಲ್ಲಿಗೆ ಬರುವಷ್ಟರಲ್ಲಿ ನೇರವಾಗಿರುತ್ತದೆ. ಸೈಕಲ್ ಸವಾರ ಪಕ್ಕೆಯ ಕುರುಡು ಮೂಲೆಯಲ್ಲಿರದೆ ಚಾಲಕನ ಕಣ್ಣೆದುರಿಗೇ ಇರುತ್ತಾನೆ. ರಸ್ತೆಯ ನಡುವೆ ನಿಲ್ಲಲು ಒಂದು ದ್ವೀಪವಿರುವುದರಿಂದ ಒಮ್ಮೆಗೆ ಒಂದು ದಿಕ್ಕನ್ನು ನೋಡಿ ದಾಟಿದರೆ ಸಾಕು. ಇದರಲ್ಲಿ ರಾಕೆಟ್ ವಿಜ್ಞಾನವೇನಿದೆ? ಬೇಕಾದದ್ದು ಕಲ್ಲು, ಸಿಮೆಂಟು, ಮನಸ್ಸು.

"ಅವರು ಬಲಕ್ಕೆ ಚಲಿಸುವವರು, ನಾವು ಎಡಕ್ಕೆ" ಎಂದು ತಕರಾರು ತೆಗೆಯುವವರಿಗೂ ಉತ್ತರವಿದೆ. ನಮ್ಮಂತೆಯೇ ಎಡಕ್ಕೆ ಚಲಿಸುವ ಇಂಗ್ಲೆಂಡಿನ ಕೇಂಬ್ರಿಜ್ ನಗರದಲ್ಲಿ, ಫೆಂಡನ್ ರಸ್ತೆಯಲ್ಲಿ, ಡಚ್ ಮಾದರಿಯ ವೃತ್ತವನ್ನು 2020ರ ಜುಲೈಯಲ್ಲಿ ತೆರೆದರು.

ನಮ್ಮಲ್ಲಿಯೇ ಏನು ಕೊರತೆ? ಸೈಕಲ್ ದಾರಿಗಳ ವಿನ್ಯಾಸ ಹೇಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆ 1962ರಷ್ಟು ಹಿಂದೆಯೇ ಪುಸ್ತಕ ಪ್ರಕಟಿಸಿತು. 2015ರಲ್ಲಿ ಅದನ್ನು ಪರಿಷ್ಕರಿಸಿತು. ವೃತ್ತಗಳ ವಿನ್ಯಾಸದ ಮಾರ್ಗಸೂಚಿಯನ್ನು 2017ರಲ್ಲಿ ಪರಿಷ್ಕರಿಸಿತು. ವಾಹನಗಳ ಓಡಾಟಕ್ಕಿಂತ ಜನರ ಓಡಾಟ ಮುಖ್ಯವೆಂದು ಕೇಂದ್ರದ ನಗರ ಸಾರಿಗೆ ನೀತಿ 2006ರಲ್ಲೇ ಸಾರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಗಳಲ್ಲಿ ನಿಗದಿತ ಮಾನದಂಡವನ್ನು ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿ ಅವಕಾಶ ಕೊಟ್ಟಿದೆ. ನಮ್ಮ ಮೈಸೂರಿನಲ್ಲಿಯೇ 2017ರ ಜೂನ್ ತಿಂಗಳಿನಲ್ಲಿ 'ಟ್ರಿನ್ ಟ್ರಿನ್' ಎಂಬ ಸಾರ್ವಜನಿಕ ಸೈಕಲ್ ಸೇವೆ 450 ಸೈಕಲ್ಲುಗಳೊಂದಿಗೆ ಆರಂಭವಾದಾಗ ನಾವೆಲ್ಲ ಹೆಮ್ಮೆಪಟ್ಟೆವು. ಮಕ್ಕಳಿಗೂ ಸೈಕಲ್ ಕೊಟ್ಟೆವು, ಪ್ರವಾಸಿಗರಿಗೂ ಕೊಟ್ಟೆವು. ಅವರು ದಾಟಬೇಕಾದ ವೃತ್ತವನ್ನು ಮಾತ್ರ ಹಾಗೆಯೇ ಬಿಟ್ಟೆವು. ಈಜು ಕಲಿಸದೆ, ಕಟ್ಟೆ ಕಟ್ಟದೆ ಮಕ್ಕಳ ಕೈಗೆ ಬಿಂದಿಗೆ ಕೊಟ್ಟು ಕೆರೆಗೆ ಕಳುಹಿಸಿದಂತಾಯಿತು.

ನನ್ನ ಶಿಷ್ಯನೂ ಅವನ ಗೆಳೆಯರೂ ಎತ್ತಬಹುದಾದ ಆಕ್ಷೇಪಗಳನ್ನು ನಾನೇ ಎತ್ತಿಕೊಳ್ಳುತ್ತೇನೆ.

"ಈಗ ಸೈಕಲ್ ತುಳಿಯುವವರು ಎಷ್ಟು ಮಂದಿ ಇದ್ದಾರೆ ಸಾರ್?" ಮುಂಜಾನೆ ಐದೂವರೆಗೆ ಎದ್ದು ನೋಡಿ. ನಿಮ್ಮ ಬಾಗಿಲಿಗೆ ಪತ್ರಿಕೆ ಹಾಕುವ ಹುಡುಗ, ರಾತ್ರಿ ಪಾಳಿ ಮುಗಿಸಿ ಮರಳುವ ಕಾವಲುಗಾರ, ಹಳ್ಳಿಯಿಂದ ಸೊಪ್ಪು ತರುವ ಮುದುಕ, ಎಂಟು ಗಂಟೆಗೆ ಶಾಲೆಯ ಮಕ್ಕಳು. ಇವರ್ಯಾರೂ ನಿಮ್ಮ ಸಭೆಗೆ ಬಂದವರಲ್ಲ, ಆದ್ದರಿಂದ ಲೆಕ್ಕಕ್ಕೆ ಸಿಗಲಿಲ್ಲ. ಇನ್ನು ಭಯದಿಂದ ಸೈಕಲ್ ಬಿಟ್ಟವರನ್ನು ತೋರಿಸಿ, ಸವಾರರೇ ಇಲ್ಲವೆನ್ನುವುದು ಹೇಗಿದೆಯೆಂದರೆ, ಮಾಡು ಸೋರುವ ಕೊಠಡಿಗೆ ಮಕ್ಕಳು ಬರುತ್ತಿಲ್ಲವಾದ್ದರಿಂದ ಊರಿಗೆ ಶಾಲೆಯೇ ಬೇಕಿಲ್ಲವೆಂದ ಹಾಗೆ.

"ಸೈಕಲ್ಲಿನವರು ನಿಯಮ ಪಾಲಿಸುವುದಿಲ್ಲ." ಒಪ್ಪಿದೆ. ದೀಪವಿಲ್ಲದೆ ಬರುತ್ತಾರೆ, ಎದುರು ದಿಕ್ಕಿನಲ್ಲಿ ನುಗ್ಗುತ್ತಾರೆ. ಅದನ್ನು ತಿದ್ದಬೇಕು. ಆದರೆ ವೃತ್ತದಲ್ಲಿ ಬಲದಿಂದ ಬರುವವರಿಗೆ, ಈಗಾಗಲೇ ಸುತ್ತುತ್ತಿರುವವರಿಗೆ ದಾರಿ ಬಿಟ್ಟು ನಿಲ್ಲಬೇಕೆಂಬ ನಿಯಮವನ್ನು ಎಷ್ಟು ಕಾರಿನವರು ಪಾಲಿಸುತ್ತಾರೆ? ಎದೆ ಮುಟ್ಟಿಕೊಂಡು ಹೇಳಿ. ಸೈಕಲ್ಲಿನವನ ತಪ್ಪಿಗೆ ಅವನೇ ಸಾಯುತ್ತಾನೆ. ಕಾರಿನವನ ತಪ್ಪಿಗೂ ಅವನೇ ಸಾಯುತ್ತಾನೆ.

"ಮಕ್ಕಳು ಇಳಿದು, ಫುಟ್‌ಪಾತಿನ ಮೇಲೆ ತಳ್ಳಿಕೊಂಡು ಹೋಗಲಿ." ಯಾವ ಫುಟ್‌ಪಾತು? ಆ ವೃತ್ತದ ಒಂದು ಮೂಲೆಯಲ್ಲಿ ವಿದ್ಯುತ್ ಪರಿವರ್ತಕ, ಇನ್ನೊಂದರಲ್ಲಿ ಸ್ಕೂಟರುಗಳ ಸಾಲು, ಮೂರನೆಯದರಲ್ಲಿ ಕಲ್ಲುಚಪ್ಪಡಿ ಬಾಯಿಬಿಟ್ಟ ಚರಂಡಿ. ಮಗು ಸೈಕಲ್ಲಿನೊಂದಿಗೆ ರಸ್ತೆಗೇ ಇಳಿಯಬೇಕು.

"ಖರ್ಚು ಹೆಚ್ಚು, ಜಾಗವಿಲ್ಲ." ರಸ್ತೆ ಅಗಲಿಸಲು ಇರುವ ಜಾಗ, ಹಣ ಸೈಕಲ್ ದಾರಿಗೆ ಮಾತ್ರ ಇಲ್ಲವಾಗುವುದು ಹೇಗೆ? ಮೊದಲ ಹೆಜ್ಜೆಗೆ ಹೆಚ್ಚು ಖರ್ಚೂ ಬೇಕಿಲ್ಲ. ವೃತ್ತದ ಬಾಯಿಗಳನ್ನು ಕಲ್ಲಿನ ಕಂಬಗಳಿಂದ ಕಿರಿದುಗೊಳಿಸಿ. ನಿಲ್ಲದೆ ಎಡಕ್ಕೆ ಹೊರಳುವ ಸವಲತ್ತನ್ನು ತೆಗೆಯಿರಿ. ದಾಟುವ ಜಾಗವನ್ನು ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿ. ಬಸ್ ನಿಲ್ದಾಣವನ್ನು ಬಾಯಿಂದ ದೂರಕ್ಕೆ ಸರಿಸಿ. ಒಳ್ಳೆಯ ಬೆಳಕು ಹಾಕಿ. ಆರು ತಿಂಗಳು ನೋಡಿ, ಅನಂತರ ಶಾಶ್ವತವಾದ ಸೈಕಲ್ ಸುತ್ತನ್ನು ಕಟ್ಟಿ.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ಸೈಕಲ್ ಸವಾರರು ನಾಲ್ಕು ಸಾವಿರಕ್ಕೂ ಮಿಕ್ಕು. ಅಷ್ಟು ಜನರಿಗೆ 'ಜೋಪಾನ' ಎಂದು ಹೇಳುವವರು ಯಾರೂ ಇರಲಿಲ್ಲವೇ? ಪ್ರತಿ ಮನೆಯಲ್ಲೂ ಇದ್ದರು. ಹಾಗಿರುವಾಗ ವೃತ್ತ ಅಪಾಯಕಾರಿಯಾಗಿದೆಯೆಂದು ಮಕ್ಕಳ ಸೈಕಲ್ಲನ್ನು ನಿಷೇಧಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಅದೂ ನಮ್ಮ ಮೂಗಲ್ಲ, ಬಡವರ ಮಕ್ಕಳ ಮೂಗು. ಕಾರಿನಲ್ಲಿ ಶಾಲೆಗೆ ಹೋಗುವ ಮಗುವಿಗೆ ಆ ನಿಷೇಧದಿಂದ ನಷ್ಟವೇನೂ ಇಲ್ಲ. ಆರು ಕಿಲೋಮೀಟರು ದೂರದ ಹಳ್ಳಿಯ ಮಗುವಿಗೆ ಅದರಿಂದ ಶಾಲೆಯೇ ತಪ್ಪಬಹುದು.

ಇದನ್ನು ಊಹಿಸಿ ಹೇಳುತ್ತಿಲ್ಲ. ಆ ಹುಡುಗಿಯ ಮೂಳೆ ನಾಲ್ಕು ತಿಂಗಳಲ್ಲಿ ಕೂಡಿತು. ಆದರೆ ಅವಳ ತಂದೆ ಸೈಕಲ್ಲನ್ನು ಮನೆಯ ಹಿಂದಿನ ಕೊಟ್ಟಿಗೆಯ ತೊಲೆಗೆ ತೂಗುಹಾಕಿದರು. ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. ಒಂಬತ್ತನೆಯ ತರಗತಿಯ ನಡುವೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳು ಸಾಲುಗಟ್ಟಿದವು. ಎರಡು ಬಾರಿ ಮನೆಗೆ ಹೋಗಿ ಕರೆದೆ. "ಹೆಣ್ಣುಮಗು ಮೇಷ್ಟ್ರೇ, ಇನ್ನೊಂದ್ಸಲ ಹಾಗಾದ್ರೆ ಯಾರು ಹೊಣೆ?" ಎಂದರು ಅವಳ ತಾಯಿ. ನನ್ನಲ್ಲಿ ಉತ್ತರವಿರಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆಗೆ ಅವಳು ಕೂರಲಿಲ್ಲ. ಯಾವ ಅಪಘಾತದ ಅಂಕಿಅಂಶದಲ್ಲೂ ಸೇರದ ನಷ್ಟ ಇದು.

ಹೋದ ವರ್ಷ ಸಂತೆಯಲ್ಲಿ ಸಿಕ್ಕಿದ್ದಳು. ಮನೆಯಲ್ಲಿ ಹೊಲಿಗೆ ಮಾಡುತ್ತಾಳಂತೆ. ಜೊತೆಯಲ್ಲಿ ಏಳು ವರ್ಷದ ಮಗಳು. "ಸಾರ್, ಇವಳು ಸೈಕಲ್ ಬೇಕೂಂತ ಹಟ ಮಾಡ್ತಾಳೆ. ಕೊಡಿಸ್ಲಾ?" ಎಂದು ಕೇಳಿದಳು. ಮೇಷ್ಟ್ರು ಏನು ಹೇಳಿದರೂ ಕೇಳುವವಳು ಅವಳು. ಅದನ್ನು ಬಲ್ಲೆನಾದ್ದರಿಂದಲೇ ಆ ದಿನ ಬಾಯಿ ತೆರೆಯಲಾರದೆ, ಮಗುವಿನ ಕೈಗೆ ಒಂದು ಬಾಳೆಹಣ್ಣು ಕೊಟ್ಟು ಬಂದುಬಿಟ್ಟೆ.

ಆದ್ದರಿಂದ, ಭಾನುವಾರ ಬಂದಿದ್ದ ನನ್ನ ಪ್ರಿಯ ಶಿಷ್ಯನೇ, ಆ ಕಾಗದವನ್ನು ಹರಿದುಹಾಕು. ನಾನೊಂದು ಬರೆದಿಟ್ಟಿದ್ದೇನೆ, ಒಂದೇ ಪುಟ. ಮಕ್ಕಳನ್ನು ವೃತ್ತದಿಂದ ದೂರವಿಡಿ ಎಂದು ಅದರಲ್ಲಿಲ್ಲ. ವೃತ್ತವನ್ನು ಮಕ್ಕಳಿಗೆ ತಕ್ಕಂತೆ ತಿದ್ದಿ ಎಂದಿದೆ. ಮೇಲೆ ಹೇಳಿದ ಐದು ಕೆಲಸಗಳನ್ನು ಸಂಖ್ಯೆ ಹಾಕಿ ನಮೂದಿಸಿದ್ದೇನೆ. ಅದಕ್ಕೆ ಮೊದಲ ಸಹಿ ನನ್ನದು, ಎರಡನೆಯ ಸಹಿಯ ಜಾಗ ನಿನಗಾಗಿ ಖಾಲಿ ಬಿಟ್ಟಿದೆ.

ನನ್ನ ಶಿಷ್ಯರಲ್ಲಿ ಎಂಜಿನಿಯರುಗಳಿದ್ದೀರಿ, ಪೊಲೀಸ್ ಇಲಾಖೆಯಲ್ಲಿದ್ದೀರಿ, ವಕೀಲರಿದ್ದೀರಿ, ಬಸ್ ಓಡಿಸುವವರೂ ಇದ್ದೀರಿ. ಎಂಜಿನಿಯರಾದವರು ಒಂದು ನಕ್ಷೆ ಬರೆದುಕೊಡಿ. ಉಳಿದವರು ಮುಂದಿನ ಶನಿವಾರ ಬೆಳಿಗ್ಗೆ ಏಳೂವರೆಗೆ ಆ ವೃತ್ತದ ಬಳಿ ಬನ್ನಿ. ಎರಡು ಗಂಟೆ ನಿಂತು, ಹಾದುಹೋಗುವ ಸೈಕಲ್ಲುಗಳನ್ನು ಎಣಿಸೋಣ. ನಾನು ಹಾಜರಿ ಪುಸ್ತಕ ತರುತ್ತೇನೆ. ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸುವ ಅಭ್ಯಾಸ ನನಗಿನ್ನೂ ಹೋಗಿಲ್ಲ.

ಇಂದಿಗೆ ಇಷ್ಟು ಸಾಕು. ಭಿನ್ನಾಭಿಪ್ರಾಯವಿದ್ದವರು ಸಂಕೋಚವಿಲ್ಲದೆ ತಿಳಿಸಿ.

ನಿಮ್ಮ,
ಮೇಷ್ಟ್ರು